ಸುಟ್ಟ ತೊಲೆಗಳ ಶಿಲುಬೆ

1940ರ ನವೆಂಬರ್ 14ರ ರಾತ್ರಿ ಜರ್ಮನಿಯ ವಿಮಾನಗಳು ಇಂಗ್ಲೆಂಡಿನ ಕೊವೆಂಟ್ರಿ ನಗರದ ಮೇಲೆ ಬಾಂಬು ಸುರಿದವು. ನೂರಾರು ಜನ ಸತ್ತರು. ಮಧ್ಯಯುಗದ ಕಥೀಡ್ರಲ್ ಉರಿದುಹೋಗಿ ಗೋಪುರ, ಹೊರಗೋಡೆಗಳಷ್ಟೇ ಉಳಿದವು. ಬೂದಿಯಲ್ಲಿ ಒಂದರ ಮೇಲೊಂದು ಅಡ್ಡ ಬಿದ್ದಿದ್ದ ಎರಡು ಸುಟ್ಟ ತೊಲೆಗಳನ್ನು ಶಿಲುಬೆಯಾಗಿ ಕಟ್ಟಿ ನಿಲ್ಲಿಸಿದರು. ಚಾವಣಿಯ ಹಳೆಯ ಮೊಳೆಗಳಿಂದ ಇನ್ನೊಂದು ಶಿಲುಬೆಯಾಯಿತು.

ಆ ವರ್ಷದ ಕ್ರಿಸ್‌ಮಸ್ ದಿನ ಕಥೀಡ್ರಲ್ಲಿನ ಪ್ರಧಾನ ಗುರು ರಿಚರ್ಡ್ ಹೋವರ್ಡ್ ಆ ಪಾಳುಗೋಡೆಗಳ ನಡುವಿನಿಂದಲೇ ಬಿಬಿಸಿ ರೇಡಿಯೊದಲ್ಲಿ ಮಾತಾಡಿದರು. ಎಷ್ಟೇ ಕಷ್ಟವಾದರೂ ಸೇಡಿನ ಯೋಚನೆಯನ್ನು ಬಿಡೋಣ ಎಂದರು. ಸತ್ತವರನ್ನು ಮಣ್ಣು ಮಾಡಿ ಆರು ವಾರವೂ ಕಳೆದಿರಲಿಲ್ಲ. ಅಂಥ ಊರಿನಲ್ಲಿ ನಿಂತು ಹಾಗೆನ್ನಲು ಎಂಥ ಎದೆಗಾರಿಕೆ ಬೇಕು! ಕೇಡನ್ನು ಕಣ್ಣಾರೆ ಕಂಡೂ, ಅದು ನಮ್ಮನ್ನು ತನ್ನಂತೆ ಮಾಡಿಕೊಳ್ಳಲು ಬಿಡದಿರುವುದನ್ನೇ ನಾನು ಕ್ರೈಸ್ತ ಭರವಸೆ ಎಂದು ನಂಬುತ್ತೇನೆ.

ಎರಡನೇ ಮಹಾಯುದ್ಧ ಮುಗಿದ ಮೇಲೆ ಕೊವೆಂಟ್ರಿಯಿಂದ ಅಂಥವೇ ಮೊಳೆ ಶಿಲುಬೆಗಳು ಜರ್ಮನಿಯ ಕೀಲ್, ಡ್ರೆಸ್ಡೆನ್, ಬರ್ಲಿನ್ ನಗರಗಳಿಗೆ ಹೋದವು. ಬ್ರಿಟನ್ ಮತ್ತು ಅದರ ಮಿತ್ರರಾಷ್ಟ್ರಗಳ ಬಾಂಬುಗಳಿಗೆ ತೀವ್ರವಾಗಿ ಹಾಳಾಗಿದ್ದ ಊರುಗಳವು. ಸುಟ್ಟ ಕಥೀಡ್ರಲ್ಲಿನ ಪಕ್ಕದಲ್ಲೇ 1962ರಲ್ಲಿ ಹೊಸದು ಎದ್ದಿತು. ಹಳೆಯ ಗೋಡೆಗಳನ್ನು ಕೆಡವಲಿಲ್ಲ.

ಇವತ್ತು ಸುದ್ದಿಯಲ್ಲಿ ಯುದ್ಧದ ಮಾತು ಬಂದಾಗ, ದಯವಿಟ್ಟು ಎರಡೂ ಕಡೆಯ ತಾಯಂದಿರಿಗಾಗಿ ಪ್ರಾರ್ಥಿಸಿ.