ಮಾನ್ಯಖೇಟಕ್ಕೆ ಮಕ್ಕಳ ಪ್ರವಾಸ



ನೆಹರು ಗಂಜಿನಲ್ಲಿ ತೊಗರಿ ವ್ಯಾಪಾರ ಮಾಡಿಕೊಂಡಿರುವ, ಮೆಟ್ರಿಕ್ಕಿನಾಚೆ ಓದದ ನನ್ನನ್ನು ಈ ಪ್ರತಿಷ್ಠಾ ಮಹೋತ್ಸವದ ವೇದಿಕೆಗೆ ಕರೆದದ್ದು ಸಮಾಜದ ಔದಾರ್ಯ. ಶಾಸ್ತ್ರವಿಚಾರವನ್ನು ಪಂಡಿತರಿಗೆ ಬಿಟ್ಟು, ನಮ್ಮ ಮಕ್ಕಳ ಶಾಲಾಪ್ರವಾಸದ ಕುರಿತು ಎರಡು ಮಾತು ಅರಿಕೆ ಮಾಡುತ್ತೇನೆ.

ಕಲಬುರಗಿಯಿಂದ ಸುಮಾರು 40 ಕಿಲೋಮೀಟರ್ ದೂರದಲ್ಲಿ, ಕಾಗಿಣಾ ನದಿಯ ದಡದಲ್ಲಿರುವ ಮಳಖೇಡವೇ ರಾಷ್ಟ್ರಕೂಟರ ರಾಜಧಾನಿ ಮಾನ್ಯಖೇಟವೆಂಬುದು ತಮಗೆಲ್ಲ ವಿದಿತವೇ ಇದೆ. ಬಾಲ್ಯದಲ್ಲಿ ಶಾಲೆಯಿಂದ ನಾನೂ ಅಲ್ಲಿಗೆ ಹೋಗಿದ್ದೆನು. ಸಾಲಾಗಿ ನಿಲ್ಲಿಸಿ, ಮುಟ್ಟಬೇಡಿರಿ, ಮಾತಾಡಬೇಡಿರಿ ಎಂದು ಒಂದು ಸುತ್ತು ಹಾಕಿಸಿ, ಬುತ್ತಿ ಉಣ್ಣಿಸಿ ಕರೆತಂದರು. ನನಗೆ ನೆನಪುಳಿದದ್ದು ಶೇಂಗಾ ಹಿಂಡಿಯ ರುಚಿಯೊಂದೇ. ನೇಮಿನಾಥ ಬಸದಿಯಲ್ಲಿ 96 ಬಿಂಬಗಳುಳ್ಳ ಪಂಚಲೋಹದ ಪುಟ್ಟ ಮಂದಿರವಿರುವುದನ್ನು ಕಣ್ತುಂಬ ಕಂಡದ್ದು ಮೂವತ್ತು ದಾಟಿದ ಮೇಲೆ, ವ್ಯಾಪಾರಕ್ಕಾಗಿ ಸೇಡಂಗೆ ಹೋಗುವಾಗ!

ಅಮೋಘವರ್ಷ ನೃಪತುಂಗನ ಕಾಲದಲ್ಲಿ, 9ನೆಯ ಶತಮಾನದಲ್ಲಿ, ನಮ್ಮ ಮಹಾವೀರಾಚಾರ್ಯರು ‘ಗಣಿತಸಾರಸಂಗ್ರಹ’ವನ್ನು ರಚಿಸಿದರು. ಬಡ್ಡಿ, ಬಂಗಾರದ ಬೆರಕೆ, ಅಗೆತದ ಅಳತೆ, ನೆರಳಿನ ಲೆಕ್ಕ ಎಲ್ಲವೂ ಅದರಲ್ಲಿವೆ. (ಬಡ್ಡಿಯ ಭಾಗವನ್ನು ನಮ್ಮವರಿಗೆ ಬೇರೆಯಾಗಿ ಕಲಿಸಬೇಕಿಲ್ಲ.) ಆ ನೆರಳಿನ ಲೆಕ್ಕವನ್ನು ಮಳಖೇಡದ ಕೋಟೆಯಲ್ಲಿಯೇ ಮಕ್ಕಳು ಏಕೆ ಮಾಡಬಾರದು? ಅವರ ಕೈಗೆ ಕೋಲು, ಅಳತೆಯ ಟೇಪು ಕೊಡಿರಿ. ನೆಟ್ಟಗೆ ನಿಲ್ಲಿಸಿದ 3 ಅಡಿಯ ಕೋಲಿನ ನೆರಳು 2 ಅಡಿಯಾದರೆ, ಅದೇ ಗಳಿಗೆಯಲ್ಲಿ ಸಮನೆಲದ ಮೇಲೆ 10 ಅಡಿ ನೆರಳು ಚೆಲ್ಲುವ ಗೋಡೆಯ ಎತ್ತರ 15 ಅಡಿ. ನಮ್ಮ ಅಂಗಡಿಯ ತ್ರೈರಾಶಿಯೇ ಇದು. ಲೆಕ್ಕ ತಪ್ಪಿದರೆ ಮತ್ತೊಮ್ಮೆ ಅಳೆಯಲಿ. ಬಿಸಿಲು ಎಲ್ಲಿಗೂ ಹೋಗುವುದಿಲ್ಲ, ನಮ್ಮ ಸೀಮೆಯಲ್ಲಂತೂ ಹೋಗುವುದೇ ಇಲ್ಲ.

ಶಿಲಾಲಿಪಿ ಎಲ್ಲಿ ಕಂಡರೂ ಸೀಮೆಸುಣ್ಣ ತೀಡುವುದು ಬೇಡ. ಕನ್ನಡಿ ಹಿಡಿದು ಬೆಳಕನ್ನು ಓರೆಯಾಗಿ ಹಾಯಿಸಿದರೆ ಸವೆದ ಅಕ್ಷರಗಳೂ ಎದ್ದು ಕಾಣುತ್ತವೆ. ಬಿಂಬಗಳನ್ನು ಮುಟ್ಟಬಾರದು, ಗೋಡೆಯನ್ನೇರಬಾರದು. ನಿಯಮ ಇಷ್ಟೇ ಸಾಕು.

972ರಲ್ಲಿ ಪರಮಾರ ಸೀಯಕನು ಸೂರೆಗೈದ ಆ ನಗರದಲ್ಲಿ ಈಗ ಉಳಿದಿರುವುದೇ ಅಲ್ಪ. ಅಳೆದು, ಬಿಡಿಸಿ, ಬರೆದಿಟ್ಟುಕೊಂಡ ಹುಡುಗನಿಗೆ ನಾಳೆ ಅಲ್ಲಿಯ ಒಂದು ಕಲ್ಲು ಕಾಣೆಯಾದರೂ ತಿಳಿಯುತ್ತದೆ. ನನ್ನಂತೆ ಸುತ್ತು ಹಾಕಿ ಬಂದವನಿಗೆ ಗೋಡೆಯೇ ಬಿದ್ದರೂ ತಿಳಿಯದು.

ಇಂದು ಕಲಶಕ್ಕೆ ಸವಾಲು ಹಿಡಿದ ಉತ್ಸಾಹದಲ್ಲಿ ಒಂದಂಶ ಇದಕ್ಕೂ ಇರಲಿ. ಬರುವ ಚಳಿಗಾಲದಲ್ಲಿ ಒಂದು ಶಾಲೆಯ ಬಸ್ಸಿನ ಬಾಡಿಗೆಯನ್ನು ನಮ್ಮ ಅಂಗಡಿಯಿಂದ ಸಲ್ಲಿಸುತ್ತೇನೆ. ಎರಡನೆಯ ಬಸ್ಸಿಗೆ ಯಾರ ಹೆಸರು ಬರೆದುಕೊಳ್ಳಲಿ?