ಇರುಳು ಸಂತೆಯ ಊಟ



ಚೀನಾ ದೇಶದ ಊಟವೆಂದೊಡನೆ ನಮ್ಮಲ್ಲಿ ಅನೇಕರ ಮನಸ್ಸಿಗೆ ತೋರುವುದು ಎರಡೇ ಚಿತ್ರ. ಒಂದು, ಬಗೆಬಗೆಯ ಭಕ್ಷ್ಯಗಳು ಒಂದರ ಹಿಂದೊಂದು ಬಂದು ಮುಗಿಯುವುದೇ ಇಲ್ಲವೆನಿಸುವ ರಾಜಭೋಜನ. ಮತ್ತೊಂದು, ನಮ್ಮೂರಿನ ಮೂಲೆಯ ಗಾಡಿಯಲ್ಲಿ ಹೊಗೆಯ ನಡುವೆ ಹುರಿಯುವ ನೂಡಲ್ಸು. ಈ ಎರಡಕ್ಕೂ ಸೇರದ ಮೂರನೆಯದೊಂದು ಊಟ ಆ ದೇಶದಲ್ಲಿ ಸಾವಿರ ವರ್ಷಕ್ಕೂ ಹಿಂದಿನದು. ಅದು ಇರುಳು ಸಂತೆಯ ಊಟ. ಕೈಯಲ್ಲಿ ಕಾಸು ಕಡಮೆಯಿರುವವನು ಅಲ್ಲಿ ಹೇಗೆ ಹೊಟ್ಟೆ ತುಂಬಿಸಿಕೊಳ್ಳುತ್ತಾನೆ, ಆ ಅಗ್ಗವು ಎಲ್ಲಿಂದ ಬರುತ್ತದೆ ಎಂಬುದನ್ನು ಈ ಹೊತ್ತು ವಿಚಾರಿಸೋಣ. ಇದಕ್ಕಾಗಿ ಹೆನಾನ್ ಪ್ರಾಂತದ ಕೈಫೆಂಗ್ ಎಂಬ ಒಂದೇ ನಗರವನ್ನು ಆರಿಸಿಕೊಂಡಿದ್ದೇವೆ. ಇರುಳು ಸಂತೆಗೆ ಅರಸನ ಅಪ್ಪಣೆ ದೊರೆತುದು ಆ ಊರಿನಲ್ಲಿ.

ಅದಕ್ಕೆ ಹಿಂದೆ, ಥಾಂಗ್ ಅರಸರ ಕಾಲದಲ್ಲಿ, ರಾಜಧಾನಿಯಾದ ಚಾಂಗ್‌ಆನಿನಲ್ಲಿ ಕೇರಿಕೇರಿಗೂ ಗೋಡೆಯಿದ್ದಿತು. ಮಾರುಕಟ್ಟೆ ತೆರೆಯುತ್ತಿದ್ದುದು ನಡುಹಗಲಿಗೆ, ಭೇರಿಯನ್ನು ೩೦೦ ಸಲ ಬಾರಿಸಿದ ಮೇಲೆ. ಮುಚ್ಚುತ್ತಿದ್ದುದು ಹೊತ್ತು ಮುಳುಗುವ ಮುಂಚೆಯೇ, ಜಾಗಟೆಯನ್ನು ಅಷ್ಟೇ ಸಲ ಬಾರಿಸಿ. ಕೇರಿಯ ಬಾಗಿಲು ಬಿದ್ದ ಬಳಿಕ ಬೀದಿಯಲ್ಲಿ ಸಿಕ್ಕಿದವನಿಗೆ ಬೆತ್ತದ ಏಟು ತಪ್ಪುತ್ತಿರಲಿಲ್ಲ. ಸುಂಗ್ ವಂಶದ ಮೊದಲ ಸಾಮ್ರಾಟನು ೯೬೫ರಲ್ಲಿ, ತನ್ನ ರಾಜಧಾನಿಯಾದ ಕೈಫೆಂಗಿನ ಇರುಳು ವ್ಯಾಪಾರವನ್ನು ಮೂರನೆಯ ಯಾಮದವರೆಗೆ ಯಾರೂ ತಡೆಯಕೂಡದೆಂದು ಆಜ್ಞೆ ಮಾಡಿದನು. ಚೀನೀಯರು ಇರುಳನ್ನು ಐದು ಯಾಮಗಳಾಗಿ ಭಾಗಿಸುತ್ತಿದ್ದರು. ಮೂರನೆಯದೆಂದರೆ ನಮ್ಮ ನಡುರಾತ್ರಿ.

ಮುಂದಿನ ಕಥೆಯನ್ನು ನಮಗೆ ಹೇಳುವವನು ಮೆಂಗ್ ಯುವಾನ್‌ಲಾವೊ ಎಂಬಾತ. ಈತನು ೧೧೦೩ರಲ್ಲಿ ತಂದೆಯೊಡನೆ ಕೈಫೆಂಗಿಗೆ ಬಂದು, ಇಪ್ಪತ್ತಕ್ಕೂ ಹೆಚ್ಚು ವರ್ಷ ಅಲ್ಲಿ ಬಾಳಿದನು. ೧೧೨೭ರಲ್ಲಿ ನಗರವು ಜುರ್ಚೆನರ ಪಾಲಾಯಿತು. ದಕ್ಷಿಣಕ್ಕೆ ಹೋಗಿ ನೆಲಸಿದ ಮೆಂಗನು ಮುಪ್ಪಿನಲ್ಲಿ ಕಳೆದುಹೋದ ಊರನ್ನು ನೆನೆನೆನೆದು ಒಂದು ಗ್ರಂಥವನ್ನು ಬರೆದನು. ಅದರ ಮುನ್ನುಡಿಗೆ ೧೧೪೭ರ ತೇದಿಯಿದೆ. ಕಳೆದುಕೊಂಡವನ ನೆನಪು ಸಿಹಿಯಾಗಿರುವುದು ಸಹಜ. ಆತನ ಹೊಗಳಿಕೆಯಲ್ಲಿ ಅಷ್ಟಿಷ್ಟನ್ನು ನಾವು ಕಳೆದುಕೊಂಡೇ ಓದಬೇಕು. ಆದರೆ ಬೆಲೆಯನ್ನು ಹೇಳುವಲ್ಲಿ ಆತನು ಕವಿಯಲ್ಲ, ಲೆಕ್ಕಿಗ. ಚೌ ಸೇತುವೆಯ ಬಳಿಯ ಇರುಳು ಸಂತೆಯಲ್ಲಿ ಕೋಳಿಯ ಚರ್ಮ, ಗುಂಡಿಗೆ ಕಾಯಿಗಳೇ ಮೊದಲಾದ ಚಿಲ್ಲರೆ ಮಾಂಸದ ತಿಂಡಿಗಳಲ್ಲಿ ಯಾವುದೂ ೧೫ ಕಾಸಿಗೆ ಮೀರುತ್ತಿರಲಿಲ್ಲವೆಂದು ಬರೆದಿದ್ದಾನೆ. ಶ್ರೀಮಂತರು ಬಿಟ್ಟ ಭಾಗಗಳು ಸಂತೆಯಲ್ಲಿ ರುಚಿಯಾಗಿ ಮರುಹುಟ್ಟು ಪಡೆಯುತ್ತಿದ್ದವೆಂದು ಇದರಿಂದ ಊಹಿಸಬಹುದು. ಚಳಿಗಾಲದ ಗಾಳಿಯಲ್ಲಿ, ಹಿಮದಲ್ಲಿ ಸಹ ಸಂತೆ ನಿಲ್ಲುತ್ತಿರಲಿಲ್ಲವಂತೆ. ಮಠಗಳ ಊಟವನ್ನು ಹೋಲುವ ಸಸ್ಯಾಹಾರದ ಅಂಗಡಿಗಳೂ ಆ ಊರಿನಲ್ಲಿದ್ದವು. ಈ ಮಾತನ್ನು ನಮ್ಮ ಕೇಳುಗರಲ್ಲಿ ಕೆಲವರ ಸಮಾಧಾನಕ್ಕಾಗಿ ಹೇಳಿದ್ದೇವೆ.

ಇದೇ ಗ್ರಂಥದಲ್ಲಿ ಇನ್ನೊಂದು ಮಾತಿದೆ; ನಮ್ಮ ವಿಷಯದ ಬೀಗದ ಕೈ ಅದೇ. ಪೇಟೆಯ ಚಿಕ್ಕ ವ್ಯಾಪಾರಿಗಳ ಸಂಸಾರಗಳು ಅನೇಕ ವೇಳೆ ಅಂಗಡಿಯಿಂದಲೇ ಊಟ ಕೊಂಡು ತಿನ್ನುತ್ತಿದ್ದವು, ಮನೆಯಲ್ಲಿ ಕಾಯಿಪಲ್ಯವನ್ನು ಇಡುತ್ತಲೇ ಇರಲಿಲ್ಲ ಎಂದು ಮೆಂಗನು ಹೇಳುತ್ತಾನೆ. ಹೊರಗೆ ಉಣ್ಣುವುದು ದುಂದುಗಾರನ ಲಕ್ಷಣವೆಂದು ನಮ್ಮ ಹಿರಿಯರು ಬಗೆದಿದ್ದರು. ಇಕ್ಕಟ್ಟಾದ ಮನೆ, ಸೌದೆಯ ಖರ್ಚು, ದುಡಿದು ಬಂದ ಮೈಯ ದಣಿವು ಇವನ್ನು ಕೂಡಿಸಿ ನೋಡಿದರೆ ಲೆಕ್ಕವು ಬೇರೆಯಾಗುತ್ತದೆ. ಇರುಳು ಸಂತೆಯು ಮೊದಲಿಗೆ ವಿಲಾಸಿಗಳ ವಿಹಾರವಲ್ಲ, ಅಡುಗೆಮನೆಯಿಲ್ಲದವರ ಅಡುಗೆಮನೆ.

ಅಗ್ಗದ ಗುಟ್ಟೂ ಇಲ್ಲಿಯೇ ಇದೆ. ಸಂತೆಯ ಒಬ್ಬೊಬ್ಬ ಮಾರಾಟಗಾರನೂ ಸಾಮಾನ್ಯವಾಗಿ ಒಂದೇ ತಿಂಡಿಯನ್ನು ಮಾಡುತ್ತಾನೆ. ಒಂದು ಒಲೆ, ಒಂದು ಬಾಣಲೆ, ಹೆಂಡತಿಯೋ ಮಗನೋ ಕೈಸಹಾಯಕ್ಕೆ. ಬೆಳಗ್ಗೆ ತಂದದ್ದು ರಾತ್ರಿಯೊಳಗೆ ಕರಗಬೇಕು. ಉಳಿದರೆ ನಷ್ಟ ಅವನದೇ. ದೊಡ್ಡ ಭೋಜನಶಾಲೆಯು ನೂರು ಬಗೆಯ ಪಟ್ಟಿಯನ್ನು ತೂಗುಹಾಕಿ, ಅವುಗಳಲ್ಲಿ ಎಪ್ಪತ್ತರ ಸಾಮಗ್ರಿ ಬಾಡುವ ಖರ್ಚನ್ನು ತಿನ್ನುವ ಮೂವತ್ತರ ಮೇಲೆ ಹಾಕುತ್ತದೆ. ಬೀದಿಯವನಿಗೆ ಈ ಉಪಾಯವಿಲ್ಲ. ಅವನಲ್ಲಿ ಇಲ್ಲದುದು ಪಕ್ಕದ ಗಾಡಿಯಲ್ಲಿದೆ. ಇಡೀ ಬೀದಿಯೇ ಸೇರಿ ಒಂದು ಭೋಜನಶಾಲೆ.

ಈಗ ನಾವೂ ನೀವೂ ೫೦ ಯುವಾನುಗಳನ್ನು, ಎಂದರೆ ೨೦೨೪ರ ಲೆಕ್ಕದಲ್ಲಿ ಸುಮಾರು ೬೦೦ ರೂಪಾಯಿಗಳನ್ನು, ಇಟ್ಟುಕೊಂಡು ಕೈಫೆಂಗಿನ ಭೇರೀಗೋಪುರದ ಬಳಿಯ ಸಂತೆಗೆ ಸಂಜೆ ಬಂದಿದ್ದೇವೆಂದು ಭಾವಿಸಿಕೊಳ್ಳೋಣ. ಮೊದಲನೆಯ ಗಾಡಿಯಲ್ಲೇ ಹೊಟ್ಟೆ ತುಂಬಿಸಿಕೊಳ್ಳುವವನು ಅವಿವೇಕಿ. ಒಮ್ಮೆ ಉದ್ದಕ್ಕೂ ನಡೆದು ನೋಡಬೇಕು. ಬಾಗಿಲ ಬಳಿಯ ಝಗಝಗಿಸುವ ಅಂಗಡಿಗಳು ಪ್ರವಾಸಿಗಳಿಗೆ. ಒಳಗಡೆ ಕೂಲಿಯವರೂ ವಿದ್ಯಾರ್ಥಿಗಳೂ ಮುತ್ತಿರುವ ಗಾಡಿ ನಮಗೆ. ಜನ ಹೆಚ್ಚಾಗಿರುವಲ್ಲಿ ಅಡುಗೆ ಬಿಸಿಯಾಗಿಯೇ ಇರುತ್ತದೆ, ನಿನ್ನೆಯದು ಸಿಕ್ಕುವ ಭಯ ಕಡಮೆ. ನಾಲ್ವರು ಕೂಡಿ ಹೋಗುವುದು ಲೇಸು: ಒಂದನ್ನು ಕೊಂಡು ನಾಲ್ವರು ಹಂಚಿಕೊಂಡರೆ ಒಬ್ಬನ ದುಡ್ಡಿನಲ್ಲಿ ನಾಲ್ಕು ರುಚಿ. ಎಂಜಲಿನ ಪ್ರಶ್ನೆ ಬಂದರೆ ತಟ್ಟೆ ಬೇರೆ ಕೇಳಿದರಾಯಿತು.

ಏನನ್ನು ತಿನ್ನುವುದು? ಉದ್ದ ಮೂತಿಯ ದೊಡ್ಡ ತಾಮ್ರದ ಕೊಡದಿಂದ ಕುದಿಯುವ ನೀರನ್ನು ಬಟ್ಟಲಿಗೆ ಸುರಿದು ಕಲಸಿಕೊಡುವ ಬಾದಾಮಿಯ ಗಂಜಿಯುಂಟು; ಅವರು ಅದನ್ನು ಚಹಾ ಎಂದು ಕರೆದರೂ ಅದರಲ್ಲಿ ಚಹಾದ ಸೊಪ್ಪಿಲ್ಲ. ಪಿಷ್ಟವನ್ನು ನಮ್ಮ ಹಾಲುಬಾಯಿಯ ಹಾಗೆ ಗಟ್ಟಿಗೊಳಿಸಿ, ತುಂಡರಿಸಿ, ಅಗಲವಾದ ಬಾಣಲೆಯಲ್ಲಿ ಮಸಾಲೆಯೊಡನೆ ಹೊರಳಿಸಿ ಹುರಿದುದುಂಟು. ಇದನ್ನು ಮೇಲೆ ಕಂದು, ಒಳಗೆ ನಡುಗುವ ಹದದಲ್ಲಿ ಬಾಣಲೆಯ ಅಂಚಿನಿಂದಲೇ ಇಸಿದುಕೊಂಡು ತಿನ್ನಬೇಕು. ಆರಿದರೆ ಅದಕ್ಕೆ ಜೀವವಿಲ್ಲ. ಕಲ್ಲುಸಕ್ಕರೆಯಲ್ಲಿ ಬೇಯಿಸಿದ ಮರಸೇಬು, ಪದರಪದರವಾದ ಕಡಲೆಕಾಯಿಯ ಮಿಠಾಯಿ ಇವೆ. ಮಾಂಸ ತಿನ್ನುವವರಿಗೆ ಮುಸಲ್ಮಾನ ಹುಯ್ ಜನರು ಕಾವಲಿಯ ಮೇಲೆ ಒತ್ತಿಕೊಡುವ ಕುರಿಮಾಂಸದ ರೊಟ್ಟಿಯುಂಟು. ಊರಿಗೇ ಹೆಸರು ತಂದದ್ದು ಹಂದಿಮಾಂಸದ ಸಾರು ತುಂಬಿದ ಹಬೆಯ ಕಡುಬು. ಅದನ್ನು ಮೆಲ್ಲನೆ ಎತ್ತಿ, ಒಂದು ತೂತು ಕಚ್ಚಿ, ಸಾರನ್ನು ಹೀರಿ ಆಮೇಲೆ ಬಾಯಿಗಿಡಬೇಕು. ಅವಸರಪಟ್ಟವನ ನಾಲಗೆ ಸುಡುತ್ತದೆ. ಹುರಿದುದರಲ್ಲಿ ಕೊಬ್ಬು ಸೇರಿದೆಯೇ ಎಂದು ಸಸ್ಯಾಹಾರಿಗಳು ಕೇಳಿ ತಿಳಿಯಬೇಕು. ತೂಕದ ವಿಷಯದಲ್ಲಿ ಎಚ್ಚರ: ಬೆಲೆಯು ತುಂಡಿಗೋ ತೂಕಕ್ಕೋ ಎಂಬುದನ್ನು ಕತ್ತರಿಸುವ ಮುನ್ನ ಕೇಳಬೇಕು. ಅವರ ‘ಜಿನ್’ ಎಂಬುದು ೫೦೦ ಗ್ರಾಂ. ಅದನ್ನು ಕಿಲೋ ಎಂದು ಭ್ರಮಿಸಿದವನು ಇಮ್ಮಡಿ ತೆತ್ತಂತೆ. ಹಣವನ್ನು ಬಹುಮಟ್ಟಿಗೆ ಮೊಬೈಲಿನಿಂದಲೇ ಕೊಡುತ್ತಾರೆ. ಇಷ್ಟರಲ್ಲಿ ನಮ್ಮ ೫೦ ಯುವಾನು ಮುಗಿದಿದ್ದರೆ ಹಂಚಿಕೊಳ್ಳುವುದನ್ನು ಮರೆತಿದ್ದೇವೆ ಎಂದೇ ಅರ್ಥ.

ಆದರೆ ಈ ಅಡುಗೆಮನೆಯ ಕೀಲಿಯು ಅಂದು ಹೇಗೋ ಇಂದೂ ಹಾಗೆಯೇ ಅಧಿಕಾರಿಗಳ ಕೈಯಲ್ಲಿದೆ. ಬೀದಿಯನ್ನು ಚೊಕ್ಕಟಗೊಳಿಸುವ ಹೆಸರಿನಲ್ಲಿ ಗಾಡಿಗಳನ್ನು ಎಬ್ಬಿಸುವುದು ಚೀನಾದ ನಗರಗಳಲ್ಲಿ ಹಳೆಯ ರೂಢಿ. ಸಾಂಕ್ರಾಮಿಕ ರೋಗದಿಂದ ಜನರ ಕೆಲಸಗಳು ಹೋದ ೨೦೨೦ರಲ್ಲಿ ಪ್ರಧಾನಿ ಲೀ ಕೆಚಿಯಾಂಗರು ಬೀದಿಯ ವ್ಯಾಪಾರವನ್ನು ಬಹಿರಂಗವಾಗಿ ಹೊಗಳಿದರು. ಪಶ್ಚಿಮದ ಒಂದು ನಗರವು ೩೬,೦೦೦ ಸಂಚಾರಿ ಅಂಗಡಿಗಳಿಗೆ ಎಡೆಗೊಟ್ಟು ಒಂದು ಲಕ್ಷ ಮಂದಿಗೆ ಕೆಲಸ ದೊರಕಿಸಿತೆಂದು ಹೇಳಿದರು. ಕೆಲವೇ ದಿನಗಳಲ್ಲಿ ಬೀಜಿಂಗಿನ ಪತ್ರಿಕೆಯು, ಅದು ರಾಜಧಾನಿಗೆ ಒಪ್ಪತಕ್ಕದ್ದಲ್ಲವೆಂದು ಬರೆಯಿತು.

೨೦೨೪ರ ಬೇಸಗೆಯಲ್ಲಿ, ನೆರೆಯ ಚಂಗ್‌ಚೌ ನಗರದ ನಾಲ್ವರು ವಿದ್ಯಾರ್ಥಿನಿಯರು ಬಾಡಿಗೆಯ ಬೈಸಿಕಲ್ಲುಗಳಲ್ಲಿ ರಾತ್ರಿಯೆಲ್ಲ ಸುಮಾರು ೫೦ ಕಿಲೋಮೀಟರು ತುಳಿದು ಕೈಫೆಂಗಿಗೆ ಆ ಕಡುಬನ್ನು ತಿನ್ನಲು ಹೋದರು. ಸುದ್ದಿ ಹಬ್ಬಿತು. ನವೆಂಬರಿನ ಒಂದು ರಾತ್ರಿ ಒಂದು ಲಕ್ಷಕ್ಕೂ ಮೇಲ್ಪಟ್ಟ ವಿದ್ಯಾರ್ಥಿಗಳು ಅದೇ ಹೆದ್ದಾರಿಯನ್ನು ಹಿಡಿದರೆಂದು ವರದಿಯಾಯಿತು. ಮೊದಲು ಬೆನ್ನು ತಟ್ಟಿದ ಸರ್ಕಾರವು ಆಮೇಲೆ ದಾರಿಯನ್ನು ಮುಚ್ಚಿತು. ಬೈಸಿಕಲ್ಲುಗಳ ಕಂಪೆನಿಗಳು, ಊರಿನ ಎಲ್ಲೆ ದಾಟಿದರೆ ಚಕ್ರಕ್ಕೆ ಬೀಗ ಬೀಳುವುದೆಂದು ಸಾರಿದವು. ಅಷ್ಟು ದೊಡ್ಡ ನೆರವಿಯನ್ನು ಹೆದ್ದಾರಿಯಲ್ಲಿ ಬಿಡಲಾಗದೆಂಬುದನ್ನು ನಾವು ಅಲ್ಲಗಳೆಯಲಾರೆವು. ರೈಲಿನ ಚೀಟಿಗಿಂತ ಬಾಡಿಗೆಯ ಚಕ್ರವೇ ಆ ಹುಡುಗರ ಜೇಬಿಗೆ ಹೊಂದಿತೆಂಬುದನ್ನೂ ಮರೆಯಲಾರೆವು.

ಮೆಂಗನು ಹೇಳಿದ ಚೌ ಸೇತುವೆಯು ೧೬೪೨ರ ಹಳದಿ ನದಿಯ ಪ್ರವಾಹದಲ್ಲಿ ಹೂಳಿಹೋಗಿತ್ತು. ೨೦೧೮ರಿಂದ ಅಗೆದು ಅದನ್ನು ಹೊರಗೆ ತೆಗೆದಿದ್ದಾರೆ. ಸುಂಗರ ಕಾಲದ ಕೆತ್ತನೆಯ ಕಲ್ಲಿನ ಗೋಡೆಗಳು ಅಲ್ಲಿ ಕಂಡುಬಂದಿವೆ. ಹದಿನೈದು ಕಾಸಿನ ತಿಂಡಿ ಮಾರುತ್ತಿದ್ದ ಸ್ಥಳವನ್ನು ಇನ್ನು ಮುಂದೆ ಬೆರಳಿಟ್ಟು ತೋರಿಸಬಹುದು.