ಚಳಿಯಲ್ಲಿ ಈಜು, ಸೈಕಲ್, ಓಟ

(ಸಂಸ್ಥೆಯ ವಾರ್ಷಿಕ ಕ್ರೀಡಾ ದಿನದಂದು ವಿದ್ಯಾರ್ಥಿ ವಿದ್ಯಾರ್ಥಿನಿಯರನ್ನು ಉದ್ದೇಶಿಸಿ ಮಾಡಿದ ಭಾಷಣದ ಬರಹ ರೂಪ)





ಕ್ರೀಡೆಯ ಮಹತ್ವದ ಕುರಿತು ಮಾತಾಡಬೇಕೆಂದು ಸಂಘಟಕರು ಕೇಳಿಕೊಂಡಿದ್ದರು. ಆ ಮಹತ್ವವನ್ನು ನೀವು ಪ್ರತಿ ವರ್ಷ ಇದೇ ವೇದಿಕೆಯಿಂದ ಕೇಳುತ್ತಿದ್ದೀರಿ. ಆದ್ದರಿಂದ ಇಂದು ಒಂದೇ ಒಂದು ಆಟವನ್ನು ತೆಗೆದುಕೊಳ್ಳುತ್ತೇನೆ. ಅದೂ ಚಳಿಯಲ್ಲಿ ನಡೆಯುವಾಗ ಆ ಆಟ ಮನುಷ್ಯನಿಂದ ಏನು ಕೇಳುತ್ತದೆ ಎಂಬುದನ್ನಷ್ಟೇ ಹೇಳುತ್ತೇನೆ. ಆಟದ ಹೆಸರು ಟ್ರಯಥ್ಲಾನ್.

ಈಜು, ಸೈಕಲ್ ಸವಾರಿ, ಓಟ. ಈ ಮೂರನ್ನೂ ನಡುವೆ ಬಿಡುವಿಲ್ಲದೆ ಒಂದರ ಬೆನ್ನಿಗೊಂದು ಮುಗಿಸಬೇಕು. 1974ರಲ್ಲಿ ಅಮೆರಿಕದ ಸ್ಯಾನ್ ಡಿಯಾಗೋದಲ್ಲಿ ಸಣ್ಣ ಗುಂಪೊಂದು ಆರಂಭಿಸಿದ ಈ ಆಟ, 2000ದ ಸಿಡ್ನಿ ಒಲಿಂಪಿಕ್ಸ್‌ಗೆ ಬಂದು ಸೇರಿತು. ಒಲಿಂಪಿಕ್ಸ್‌ನಲ್ಲಿ 1,500 ಮೀಟರ್ ಈಜು, 40 ಕಿ.ಮೀ. ಸೈಕಲ್, 10 ಕಿ.ಮೀ. ಓಟ. ಹೊಸಬರಿಗೆ ಇದರ ಅರ್ಧ ದೂರದ ಸ್ಪರ್ಧೆಯೂ ಇದೆ. ನೀರಿನಿಂದ ಎದ್ದು ಸೈಕಲ್ ಹತ್ತುವ ತನಕ, ಸೈಕಲ್ ಇಳಿದು ಓಡಲು ಶುರು ಮಾಡುವ ತನಕ ಗಡಿಯಾರ ನಿಲ್ಲುವುದಿಲ್ಲ. ಬಟ್ಟೆ ಬದಲಿಸುವುದು, ಶೂ ಹಾಕುವುದು, ಹೆಲ್ಮೆಟ್ ಕಟ್ಟುವುದು ಎಲ್ಲವೂ ಸ್ಪರ್ಧೆಯೊಳಗೇ ಸೇರಿದವು. ಅದನ್ನು ಅನುಭವಿಗಳು ನಾಲ್ಕನೆಯ ಆಟ ಎನ್ನುತ್ತಾರೆ.

ದೊಡ್ಡ ಕೂಟಗಳಾದರೆ ಒಂದೇ ದಿನದಲ್ಲಿ ಮುಗಿಯುವುದಿಲ್ಲ. ಶುಕ್ರವಾರ ಕಿರಿಯರು, ಶನಿವಾರ ಮಹಿಳೆಯರು, ಭಾನುವಾರ ಪುರುಷರು, ನಡುವೆ ಅಂಗವಿಕಲರು ಮತ್ತು ಅರುವತ್ತು ಎಪ್ಪತ್ತು ದಾಟಿದ ಹವ್ಯಾಸಿಗಳು, ಕೊನೆಗೆ ಇಬ್ಬರು ಪುರುಷರೂ ಇಬ್ಬರು ಮಹಿಳೆಯರೂ ಸೇರಿದ ಮಿಶ್ರ ರಿಲೇ, ಹೀಗೆ ಸಾಗುತ್ತದೆ. ಒಬ್ಬರೇ ಎರಡು ಸ್ಪರ್ಧೆಗಳಲ್ಲಿ ಇಳಿಯುವುದೂ ಉಂಟು. ಆಗ ಮೊದಲ ದಿನ ಒದ್ದೆಯಾದ ಶೂ ಎರಡನೆಯ ದಿನದೊಳಗೆ ಒಣಗಬೇಕಲ್ಲ? ಚಳಿಯೂರಿನಲ್ಲಿ, ಮಳೆಯಲ್ಲಿ, ಅದು ತಾನಾಗಿ ಒಣಗುವುದಿಲ್ಲ. ಒಳಗೆ ಹಳೆಯ ಪತ್ರಿಕೆ ತುರುಕಿ, ರಾತ್ರಿ ಎರಡು ಸಲ ಎದ್ದು ಆ ಕಾಗದ ಬದಲಿಸುವವನು ಮರುದಿನ ಒಣ ಕಾಲಿನಿಂದ ಓಡುತ್ತಾನೆ. ಪದಕದ ಕತೆಗಳಲ್ಲಿ ಇದನ್ನು ಯಾರೂ ಬರೆಯುವುದಿಲ್ಲ.

ಚಳಿ ದೇಹಕ್ಕೆ ಏನು ಮಾಡುತ್ತದೆ ಎಂಬುದನ್ನು ವಿಜ್ಞಾನದ ವಿದ್ಯಾರ್ಥಿಗಳು ಗಮನಿಸಿ. ನೀರು ಗಾಳಿಗಿಂತ ಸುಮಾರು 25 ಪಟ್ಟು ವೇಗವಾಗಿ ಮೈಯ ಶಾಖವನ್ನು ಎಳೆದುಕೊಳ್ಳುತ್ತದೆ. ತಣ್ಣನೆಯ ನೀರಿಗೆ ಧುಮುಕಿದ ಮೊದಲ ಒಂದೆರಡು ನಿಮಿಷ ಉಸಿರು ನಮ್ಮ ಹಿಡಿತದಲ್ಲಿರುವುದಿಲ್ಲ. ಏದುಸಿರು ಬರುತ್ತದೆ, ಎದೆ ಬಿಗಿಯುತ್ತದೆ. ಆಗ ಮುಖ ನೀರೊಳಗಿದ್ದರೆ ನೀರನ್ನೇ ಒಳಗೆಳೆದುಕೊಳ್ಳುತ್ತೇವೆ. ಒಳ್ಳೆಯ ಈಜುಗಾರರೂ ತಣ್ಣೀರಿನಲ್ಲಿ ಮುಳುಗುವುದಕ್ಕೆ ಇದೊಂದು ದೊಡ್ಡ ಕಾರಣ. ಆದ್ದರಿಂದ ಮೊದಲು ದಡದಲ್ಲಿ ಮುಖಕ್ಕೆ, ಕುತ್ತಿಗೆಗೆ ನೀರು ಹಾಕಿಕೊಂಡು, ಉಸಿರನ್ನು ನಿಧಾನವಾಗಿ ಹೊರಬಿಡುತ್ತಾ ಇಳಿಯಬೇಕು. ಚಳಿಗಾಲದ ಬೆಳಗಿನಲ್ಲಿ ತಣ್ಣೀರಿನ ಹೌಝ್‌ನ ಮುಂದೆ ಕುಳಿತು ಫಜ್ರ್ ನಮಾಝ್‌ಗೆ ವುಝೂ ಮಾಡಿದವರಿಗೆ ಇದರ ಸಣ್ಣ ರುಚಿ ಗೊತ್ತಿರುತ್ತದೆ.

ಮೈಯೊಳಗಿನ ಉಷ್ಣತೆ 35 ಡಿಗ್ರಿಗಿಂತ ಕೆಳಗಿಳಿದರೆ ಅದು ಅಪಾಯದ ಸ್ಥಿತಿ. ಆರಂಭದಲ್ಲಿ ನಡುಕ ಬರುತ್ತದೆ. ನಡುಕ ಇರುವ ತನಕ ದೇಹ ಹೋರಾಡುತ್ತಿದೆ ಎಂದರ್ಥ. ಮೈ ಬೆಚ್ಚಗಾಗದೆಯೇ ನಡುಕ ನಿಂತು, ಮಾತು ತೊದಲತೊಡಗಿದರೆ ಸುಧಾರಿಸಿತು ಎಂದುಕೊಳ್ಳಬೇಡಿ, ಕೂಡಲೇ ವೈದ್ಯರನ್ನು ಕರೆಯಿರಿ. ನೀರಿನಿಂದ ಹೊರಬಂದ ಮೇಲೂ ಕೆಲವು ನಿಮಿಷ ಒಳಗಿನ ಶಾಖ ಇಳಿಯುತ್ತಲೇ ಇರುತ್ತದೆ. ಹೀಗಾಗಿ ಮೊದಲು ಒದ್ದೆ ಬಟ್ಟೆ ತೆಗೆದು ಒಣ ಬಟ್ಟೆ ಹಾಕಬೇಕು, ನಂತರ ಬಿಸಿಯಾದ ಸಿಹಿ ಚಹಾ. ಈ ಅಪಾಯದ ಕಾರಣದಿಂದಲೇ ಅಂತಾರಾಷ್ಟ್ರೀಯ ನಿಯಮದ ಪ್ರಕಾರ ನೀರು 12 ಡಿಗ್ರಿಗಿಂತ ತಣ್ಣಗಿದ್ದರೆ ಈಜನ್ನೇ ಕೈಬಿಡುತ್ತಾರೆ. ಅದಕ್ಕಿಂತ ಸ್ವಲ್ಪ ಮೇಲಿದ್ದರೆ ವೆಟ್‌ಸೂಟ್ ಕಡ್ಡಾಯ. ವೆಟ್‌ಸೂಟ್ ಎಂದರೆ ಕುತ್ತಿಗೆಯಿಂದ ಕಾಲಿನ ಗಂಟಿನ ತನಕ ಮೈಗಂಟಿಕೊಳ್ಳುವ ರಬ್ಬರಿನಂಥ ಈಜುಡುಪು. ಈ ಉಡುಪಿನ ಮಾತಿಗೆ ಮತ್ತೆ ಬರುತ್ತೇನೆ.

ಇನ್ನು ಕೈಬೆರಳು. ಚಳಿಯಲ್ಲಿ ಮೊದಲು ಮರಗಟ್ಟುವುದು ಅದೇ. ಹೆಲ್ಮೆಟ್‌ನ ಕೊಂಡಿ ಹಾಕದೆ ಸೈಕಲನ್ನು ತೆಗೆಯುವಂತಿಲ್ಲ ಎಂಬ ನಿಯಮವಿದೆ. ಜೀವಮಾನವಿಡೀ ತರಬೇತಿ ಪಡೆದ ಕ್ರೀಡಾಪಟು ಒಂದು ಕೊಂಡಿ ಸಿಕ್ಕಿಸಲಾಗದೆ ನಿಂತಿರುವುದನ್ನು ಕಲ್ಪಿಸಿಕೊಳ್ಳಿ. ಆದ್ದರಿಂದ ಬಲ್ಲವರು ಮನೆಯಲ್ಲೇ ಬಕೆಟಿನ ಐಸ್ ನೀರಿನಲ್ಲಿ ಕೈ ಅದ್ದಿ, ಆ ಕೈಯಿಂದಲೇ ಕೊಂಡಿ ಹಾಕಿ ತೆಗೆದು ಅಭ್ಯಾಸ ಮಾಡಬೇಕು.

ಈಗ ಒಂದು ನಿಜವಾದ ಕೂಟಕ್ಕೆ ಹೋಗೋಣ. 2013ರ ಸೆಪ್ಟೆಂಬರ್ ಮಧ್ಯಭಾಗ, ಲಂಡನ್ನಿನ ಹೈಡ್ ಪಾರ್ಕ್. ಹಿಂದಿನ ವರ್ಷ ಒಲಿಂಪಿಕ್ಸ್ ಈಜು ನಡೆದ ಸರ್ಪೆಂಟೈನ್ ಕೆರೆಯಲ್ಲೇ ಟ್ರಯಥ್ಲಾನ್ ವಿಶ್ವ ಚಾಂಪಿಯನ್‌ಶಿಪ್‌ನ ಅಂತಿಮ ಸುತ್ತು. ಹಲವು ದಿನ, ಹಲವು ಸ್ಪರ್ಧೆ. ಮಹಿಳೆಯರ ಮುಖ್ಯ ಸ್ಪರ್ಧೆಯ ದಿನ ಚಳಿ, ಜೊತೆಗೆ ಮಳೆ. ರಸ್ತೆ ಜಾರುತ್ತಿತ್ತು. ಆ ವರ್ಷದ ಅಂಕಪಟ್ಟಿಯಲ್ಲಿ ಮುಂದಿದ್ದ ಅಮೆರಿಕದ ಗ್ವೆನ್ ಜೋರ್ಗೆನ್ಸನ್ ಸೈಕಲ್‌ನಿಂದ ಬಿದ್ದು ಹೊರನಡೆದರು. ಬ್ರಿಟನ್ನಿನ ನಾನ್ ಸ್ಟ್ಯಾನ್‌ಫರ್ಡ್ ತನ್ನ ಸಾಮಾನನ್ನು ನಿಗದಿತ ಪೆಟ್ಟಿಗೆಯೊಳಗೆ ಸರಿಯಾಗಿ ಹಾಕಲಿಲ್ಲವೆಂದು 15 ಸೆಕೆಂಡುಗಳ ದಂಡ ಬಿತ್ತು. ಅವರು ಓಟದ ನಡುವೆ ನಿಂತು ಆ ದಂಡವನ್ನು ಅನುಭವಿಸಿ, ಮತ್ತೆ ಓಡಿ, ವಿಶ್ವ ಪ್ರಶಸ್ತಿಯನ್ನೇ ಗೆದ್ದರು. ಬಿದ್ದ ಜೋರ್ಗೆನ್ಸನ್ 2014 ಮತ್ತು 2015ರಲ್ಲಿ ವಿಶ್ವ ಚಾಂಪಿಯನ್ ಆದರು, 2016ರ ರಿಯೋದಲ್ಲಿ ಒಲಿಂಪಿಕ್ ಚಿನ್ನ ತಂದರು. ಮರುದಿನದ ಪುರುಷರ ಸ್ಪರ್ಧೆ ಎಲ್ಲ ದೂರ ಕ್ರಮಿಸಿದ ಮೇಲೂ ಕೊನೆಯ ಕೆಲವು ಹೆಜ್ಜೆಗಳಲ್ಲಿ ತೀರ್ಮಾನವಾಯಿತು. ಸ್ಪೇನಿನ ಹಾವಿಯರ್ ಗೋಮೆಜ್ ಬ್ರಿಟನ್ನಿನ ಜೊನಾಥನ್ ಬ್ರೌನ್ಲಿಯನ್ನು ಹಿಂದಿಕ್ಕಿದರು.

ಆದರೆ ಆ ವಾರಾಂತ್ಯದಲ್ಲಿ ನಿಮಗೆ ಹೇಳಲೇಬೇಕಾದ ಹೆಸರು ಇವರದ್ದಲ್ಲ. ಪದಕ ಗೆಲ್ಲದೆ ಓಡಿದ ಒಬ್ಬ ಯುವತಿಯದು. ಶಿರಿನ್ ಗೆರಾಮಿ. ಇರಾನಿನವರು. ಇಂಗ್ಲೆಂಡಿನ ಡರ್ಹಾಮ್ ವಿಶ್ವವಿದ್ಯಾಲಯದಲ್ಲಿ ಓದುವಾಗ ಈ ಆಟದ ಪರಿಚಯವಾಯಿತು. ತಮ್ಮ ದೇಶದ ಹೆಸರಿನಲ್ಲಿ ಸ್ಪರ್ಧಿಸಬೇಕೆಂಬುದು ಅವರ ಆಸೆ. ಅಲ್ಲಿಯವರೆಗೆ ಇರಾನಿನ ಯಾವ ಮಹಿಳೆಯೂ ಟ್ರಯಥ್ಲಾನ್ ವಿಶ್ವ ಚಾಂಪಿಯನ್‌ಶಿಪ್‌ನಲ್ಲಿ ಭಾಗವಹಿಸಿರಲಿಲ್ಲ. ಮೈ, ಕೈಕಾಲು, ಕೂದಲು ಮುಚ್ಚುವ ಉಡುಪು ಬೇಕು. ಅದು ಈಜಿಗೂ ಸೈಕಲ್‌ಗೂ ಓಟಕ್ಕೂ ಒಗ್ಗಬೇಕು. ಇರಾನಿನ ಅಧಿಕಾರಿಗಳು ಒಪ್ಪಬೇಕು. ಇದಕ್ಕಾಗಿ ತಿಂಗಳುಗಟ್ಟಲೆ ಪ್ರಯತ್ನಪಟ್ಟರು. ಅನುಮತಿ ಬಂದದ್ದು ಸ್ಪರ್ಧೆಗೆ ಕೆಲವೇ ದಿನಗಳಿರುವಾಗ. ಲಂಡನ್ನಿನಲ್ಲಿ ಓಡಿ ಮುಗಿಸಿದರು. ಇರಾನಿನ ಅಂದಿನ ಅಧ್ಯಕ್ಷ ಹಸನ್ ರೂಹಾನಿಯವರ ಟ್ವಿಟರ್ ಖಾತೆಯಲ್ಲಿ ಅವರ ಹೆಸರು ಬಂತು. 2016ರಲ್ಲಿ ಹವಾಯಿ ದ್ವೀಪದ ಕೋನಾದಲ್ಲಿ ಐರನ್‌ಮ್ಯಾನ್ ವಿಶ್ವ ಚಾಂಪಿಯನ್‌ಶಿಪ್ ಅನ್ನೂ ಮುಗಿಸಿದರು. ಅಲ್ಲಿ ಈಜೇ 3.8 ಕಿ.ಮೀ., ಸೈಕಲ್ 180, ಕೊನೆಗೆ 42 ಕಿ.ಮೀ.ಯ ಪೂರ್ಣ ಮ್ಯಾರಥಾನ್. (ಉಡುಪನ್ನು ಒಂದು ದೇಶ ಕಾನೂನಾಗಿ ಹೇರುವುದು ಸರಿಯೇ ಎಂಬುದು ಬೇರೆ ಚರ್ಚೆ. ಅದನ್ನು ಇಂದು ಇಲ್ಲಿಗೆ ತರುವುದಿಲ್ಲ.)

ವೆಟ್‌ಸೂಟ್‌ನ ಮಾತಿಗೆ ಮರಳುತ್ತೇನೆಂದು ಹೇಳಿದ್ದೆ. ತಣ್ಣನೆಯ ಕೆರೆಯ ದಡದಲ್ಲಿ ಸಾಲಾಗಿ ನಿಂತ ಸ್ಪರ್ಧಿಗಳನ್ನು ನೋಡಿ. ಕ್ರೈಸ್ತರು, ಮುಸ್ಲಿಮರು, ಯಾವ ಧರ್ಮವೂ ಬೇಡವೆನ್ನುವವರು, ಎಲ್ಲರೂ ಕುತ್ತಿಗೆಯಿಂದ ಕಾಲಿನ ತನಕ ಮುಚ್ಚಿಕೊಂಡಿದ್ದಾರೆ, ತಲೆಗೆ ಟೋಪಿ ಹಾಕಿದ್ದಾರೆ. ಮಳೆಯಲ್ಲಿ ಸೈಕಲ್ ಹತ್ತುವಾಗ ಉದ್ದ ತೋಳು, ಕೈಗವಸು ಹಾಕುವವರಿದ್ದಾರೆ. ಅಲ್ಲಿ ಯಾರು ಎಷ್ಟು ಮುಚ್ಚಿಕೊಂಡಿದ್ದಾರೆ ಎಂದು ಯಾರೂ ಕೇಳುವುದಿಲ್ಲ. ಬಟ್ಟೆ ನೀರು ಹೀರುತ್ತದೆಯೇ, ಗಾಳಿ ತಡೆಯುತ್ತದೆಯೇ, ಚೈನಿಗೆ ಸಿಕ್ಕಿಕೊಳ್ಳುತ್ತದೆಯೇ ಎಂಬುದಷ್ಟೇ ಪ್ರಶ್ನೆ. ಹತ್ತಿಯ ಬಟ್ಟೆ ಇಲ್ಲಿ ಶತ್ರು, ಏಕೆಂದರೆ ಅದು ಒದ್ದೆಯಾದರೆ ಶಾಖವನ್ನು ಕದಿಯುತ್ತದೆ. ಸಡಿಲವಾದ ದುಪಟ್ಟಾ ಚಕ್ರಕ್ಕೆ ಸಿಕ್ಕಿದರೆ ಪ್ರಾಣಕ್ಕೇ ಅಪಾಯ. ಬೇಗ ಒಣಗುವ, ಹಿಗ್ಗುವ ಬಟ್ಟೆಯಲ್ಲಿ ಹೊಲಿದ ಉದ್ದ ತೋಳಿನ ಅಂಗಿ, ಕಾಲಿನ ಬಳಿ ಇಲಾಸ್ಟಿಕ್ ಇರುವ ಪ್ಯಾಂಟ್, ಹೆಲ್ಮೆಟ್ಟಿನ ಕೆಳಗೆ ಮಡಿಕೆಯಾಗದಷ್ಟು ತೆಳ್ಳಗಿನ ಶಿರವಸ್ತ್ರ ಸಾಕು. ನಮ್ಮ ಪೇಟೆಯ ಯಾವ ದರ್ಜಿಯೂ ಒಂದು ವಾರದಲ್ಲಿ ಹೊಲಿದುಕೊಡಬಲ್ಲ. ಉಡುಪಿನ ವಿಷಯ ಬಂದರೆ ನಮ್ಮಲ್ಲಿ ಜಗಳಕ್ಕೆ ಜನ ಬೇಗ ಸೇರುತ್ತಾರೆ, ಹೊಲಿಯಲು ಯಾರೂ ಸೇರುವುದಿಲ್ಲ.

ಏಳನೆಯ ತರಗತಿಯ ತನಕ ಓಟದಲ್ಲಿ ಬಹುಮಾನ ಪಡೆಯುತ್ತಿದ್ದ ಹುಡುಗಿಯರು ಹತ್ತನೆಯ ತರಗತಿಗೆ ಬರುವಾಗ ಮೈದಾನದಲ್ಲಿ ಕಾಣಿಸುವುದಿಲ್ಲ. ಎಲ್ಲಿ ಹೋದರು? ಇಲ್ಲೇ, ಪ್ರೇಕ್ಷಕರ ಸಾಲಿನಲ್ಲಿದ್ದಾರೆ. ಪ್ರವಾದಿಯವರು(ಸ) ಹಝ್ರತ್ ಆಯಿಶಾ(ರ) ಅವರೊಡನೆ ಓಟದ ಪಂದ್ಯ ನಡೆಸಿದ ಘಟನೆಯನ್ನು ನಾವು ಭಾಷಣಗಳಲ್ಲಿ ಹೆಮ್ಮೆಯಿಂದ ಹೇಳುತ್ತೇವೆ. ಮೊದಲ ಸಲ ಆಯಿಶಾ(ರ) ಗೆದ್ದರು ಎಂಬುದನ್ನೂ ಹೇಳುತ್ತೇವೆ. ಹೇಳಿ ಮುಗಿಸಿ, ಮಗಳಿಗೆ ಶೂ ಕೊಡಿಸಲು ಹಿಂಜರಿಯುತ್ತೇವೆ. ಆಡಳಿತ ಸಮಿತಿಯ ಹಿರಿಯರಲ್ಲಿ ಗೌರವದಿಂದಲೇ ಕೇಳುತ್ತಿದ್ದೇನೆ. ಹತ್ತಿರದ ಈಜುಕೊಳವನ್ನು ವಾರಕ್ಕೆ ಎರಡು ಬೆಳಗು ಹುಡುಗಿಯರಿಗಾಗಿಯೇ ಗೊತ್ತುಪಡಿಸಿ, ಒಬ್ಬ ಮಹಿಳಾ ತರಬೇತುದಾರರನ್ನು ನೇಮಿಸಲು ಎಷ್ಟು ಖರ್ಚಾಗುತ್ತದೆ ಎಂದು ಲೆಕ್ಕ ಹಾಕಿ ನೋಡಿ. ಈ ಪೆಂಡಾಲಿನ ಖರ್ಚಿನೊಂದಿಗೆ ಹೋಲಿಸಿಯೂ ನೋಡಿ.

ಹುಡುಗರೇ, ನಿಮಗೂ ಮಾತಿದೆ. ನಮ್ಮ ಜಿಲ್ಲೆಗೆ ಕಡಲಿದೆ, ನದಿಗಳಿವೆ. ಆದರೂ ಪ್ರತಿ ವರ್ಷ ರಜೆಯಲ್ಲಿ, ಮಳೆಗಾಲದಲ್ಲಿ, ಯಾರದೋ ಮಗ ನೀರುಪಾಲಾದ ಸುದ್ದಿ ಬರುತ್ತದೆ. ನೀರಿಗೆ ಹೋಗಬೇಡ ಎಂದು ಹೇಳಿ ಬೆಳೆಸಿದ್ದರಿಂದ ಈಜು ಬರುವುದಿಲ್ಲ, ಗೆಳೆಯರು ಕರೆದಾಗ ಹೋಗದಿರಲೂ ಆಗುವುದಿಲ್ಲ. 2025ರ ಜನವರಿ ಕೊನೆಯಲ್ಲಿ ಉತ್ತರಾಖಂಡದ ಹಲ್ದ್ವಾನಿಯಲ್ಲಿ, ಹಿಮಾಲಯದ ತಪ್ಪಲಿನ ಚಳಿಯಲ್ಲಿ, 38ನೇ ರಾಷ್ಟ್ರೀಯ ಕ್ರೀಡಾಕೂಟದ ಟ್ರಯಥ್ಲಾನ್ ಸ್ಪರ್ಧೆಗಳು ನಡೆದವು. ಪುರುಷರ ವಿಭಾಗದಲ್ಲಿ ಚಿನ್ನ ಗೆದ್ದವರು ಮಣಿಪುರದ ಅಥೌಬಾ ಮೈತೇಯಿ, ಮಹಿಳೆಯರಲ್ಲಿ ಮಹಾರಾಷ್ಟ್ರದ ಡಾಲಿ ಪಾಟೀಲ್. ಮಣಿಪುರಕ್ಕೆ ಕಡಲೇ ಇಲ್ಲ ಎಂಬುದನ್ನು ಭೂಪಟ ತೆಗೆದು ನೋಡಿಕೊಳ್ಳಿ.

ನೀವು ನಾಳೆಯೇ ಮೂರೂ ಕಲಿಯಬೇಕಿಲ್ಲ. ಮೂವರು ಸೇರಿ ತಂಡ ಕಟ್ಟುವ ಪದ್ಧತಿಯೂ ಈ ಆಟದಲ್ಲಿದೆ. ಒಬ್ಬರು ಈಜಬೇಕು, ಒಬ್ಬರು ಸೈಕಲ್ ತುಳಿಯಬೇಕು, ಒಬ್ಬರು ಓಡಬೇಕು. ಬರುವ ಡಿಸೆಂಬರಿನಲ್ಲಿ ನಮ್ಮ ಮೈದಾನದ ಸುತ್ತಲೇ ಅಂಥದ್ದೊಂದನ್ನು ನಡೆಸಲು ಸಾಧ್ಯವೇ ಎಂದು ದೈಹಿಕ ಶಿಕ್ಷಕರೊಡನೆ ಮಾತಾಡಿದ್ದೇನೆ, ಅವರು ಒಪ್ಪಿದ್ದಾರೆ. ಹುಡುಗಿಯರ ತಂಡಗಳು ಬೇರೆಯಾಗಿ, ಬೇರೆ ಸಮಯಕ್ಕೆ. ಈಜಲು ಬಾರದವರು ಇಂದೇ ಅವರ ಬಳಿ ಹೆಸರು ಬರೆಸಿ. ಈಜಲು ಬರುವವರೂ ಬರೆಸಿ, ಕಲಿಸಲು ಜನ ಬೇಕು.